ಉಕ್ಕಿನ ತುಂಡೂ ಉಬ್ಬಿದ ರಾತ್ರಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ, ಧಾರವಾಡದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಮೆಟ್ರಾಲಜಿ (ಅಳತೆ ಶಾಸ್ತ್ರದ) ಲ್ಯಾಬಿನಲ್ಲಿ, ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳೊಂದಿಗೆ ಸೇರಿ ಒಂದು ಲಿಥಿಯಂ ಸೆಲ್ಲನ್ನು ಗ್ರಾನೈಟ್ ಹಾಸಿನ ಮೇಲೆ ಮಲಗಿಸಿದೆವು. ಅದು ಹಳೆಯ ಮೊಬೈಲುಗಳಲ್ಲಿ ಇರುತ್ತಿದ್ದಂಥ, ಅಲ್ಯೂಮಿನಿಯಂ ಹಾಳೆಯ ಚೀಲದಲ್ಲಿ ಮುಚ್ಚಿದ, ಸುಮಾರು 5 ಮಿಲಿಮೀಟರ್ ದಪ್ಪದ ಪೌಚ್ ಸೆಲ್. ಅದರ ಮೇಲೆ ಒಂದು ಗಾಜಿನ ತುಂಡನ್ನಿಟ್ಟು, ಗಾಜಿನ ಮೇಲೆ ಡಯಲ್ ಗೇಜಿನ ತುದಿಯನ್ನು ಇಳಿಸಿದೆವು; ಸೆಲ್ಲಿನ ದಪ್ಪ ಚೂರು ಬದಲಾದರೂ ಆ ತುದಿ ಸರಿದು ಡಯಲಿನ ಮುಳ್ಳು ತಿರುಗುತ್ತದೆ. ತುದಿ ನೇರವಾಗಿ ಚೀಲವನ್ನು ಒತ್ತಿದರೆ ಅಲ್ಲೊಂದು ಗುಳಿ ಬೀಳುತ್ತದೆ, ಸೆಲ್ಲಿನ ಸುರಕ್ಷತೆಯ ದೃಷ್ಟಿಯಿಂದಲೂ ಅದು ಒಳ್ಳೆಯದಲ್ಲ. ಗೇಜಿನ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗ, ಅಂದರೆ 10 ಮೈಕ್ರಾನ್. ಆರು ಗಂಟೆಗಳಲ್ಲಿ ತುಂಬುವಷ್ಟು ನಿಧಾನವಾದ ಕರೆಂಟಿನಲ್ಲಿ 4.2 ವೋಲ್ಟಿನವರೆಗೆ ಚಾರ್ಜ್ ಮಾಡುವುದು, ಒಂದು ಗಂಟೆ ಬಿಡುವುದು, ಅಷ್ಟೇ ನಿಧಾನವಾಗಿ ಖಾಲಿ ಮಾಡುವುದು, ಮತ್ತು ಬೆಳಗ್ಗೆ ಆರಕ್ಕೆ ಮುಳ್ಳು ಎಲ್ಲಿದೆ ಎಂದು ನೋಡುವುದು ನಮ್ಮ ಯೋಜನೆಯಾಗಿತ್ತು. ಹತ್ತು ನಿಮಿಷಕ್ಕೊಮ್ಮೆ ಡಯಲಿನ ಚಿತ್ರ ತೆಗೆಯಲು ಒಂದು ಮೊಬೈಲನ್ನು ಎದುರಿಗೆ ನಿಲ್ಲಿಸಿದ್ದೆವು. ಸೆಲ್ಲಿನ ಸುತ್ತ ತಗಡಿನ ಪೆಟ್ಟಿಗೆಯಿತ್ತು, ಪಕ್ಕದಲ್ಲಿ ಮರಳಿನ ಬಕೆಟ್ ಇತ್ತು, ಮತ್ತು ರಾತ್ರಿಯಿಡೀ ಸರದಿಯ ಮೇಲೆ ಒಬ್ಬರು ಎಚ್ಚರವಾಗಿರುತ್ತಿದ್ದರು.

ವೋಲ್ಟ್‌ಮೀಟರ್ ಮತ್ತು ಆಮ್‌ಮೀಟರ್ ಇರುವಾಗ ಬ್ಯಾಟರಿಗೆ ಡಯಲ್ ಗೇಜ್ ಏಕೆ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಅದಕ್ಕೆ ನನ್ನ ಉತ್ತರ ನಾನು ಹುಟ್ಟಿದ ಊರಿನಲ್ಲಿದೆ. ಅಣ್ಣಿಗೇರಿಯ ಹತ್ತಿರದ ನಮ್ಮ ಹೊಲ ಅಪ್ಪಟ ಎರೆ ಭೂಮಿ. ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. "ಹೊಲ ಬಾಯಿ ಬಿಟ್ಟೈತಿ, ಎಮ್ಮಿ ಕಾಲು ಸಿಕ್ಕೀತು, ನೋಡಿ ಹೊಡಕೊಂಡು ಹೋಗ್ರಿ" ಎಂದು ಅಜ್ಜ ಪ್ರತಿ ಬೇಸಿಗೆಯಲ್ಲೂ ಎಚ್ಚರಿಸುತ್ತಿದ್ದರು. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯ ಗೋಡೆ ಏಕೆ ಸೀಳುತ್ತದೆ ಎಂಬುದನ್ನು ನವಲಗುಂದ, ನರಗುಂದದ ಕಡೆಯ ಯಾವ ಗೌಂಡಿಯೂ ವಿವರಿಸಬಲ್ಲ. ಆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕಾಗ ಅವುಗಳ ಅಂತರ ಹೆಚ್ಚುತ್ತದೆ, ನೀರು ಹೋದಾಗ ಕುಗ್ಗುತ್ತದೆ.

ಲಿಥಿಯಂ ಬ್ಯಾಟರಿಯ ಋಣ ಧ್ರುವವಾದ ಆನೋಡ್‌ನಲ್ಲಿರುವ ಗ್ರಾಫೈಟಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಗ್ರಾಫೈಟ್ ಕೂಡ ಇಂಗಾಲದ ಪದರಗಳ ಕಟ್ಟು. ಚಾರ್ಜ್ ಮಾಡುವಾಗ ಲಿಥಿಯಂ ಆ ಪದರಗಳ ನಡುವೆ ಸೇರುತ್ತದೆ, ಆಗ 0.335 ನ್ಯಾನೋಮೀಟರ್ ಇದ್ದ ಅಂತರ ಪೂರ್ತಿ ತುಂಬಿದಾಗ 0.370 ನ್ಯಾನೋಮೀಟರ್ ಆಗುತ್ತದೆ. ನೂರಕ್ಕೆ ಹತ್ತರಷ್ಟು ಹಿಗ್ಗು ಎಂದರೆ ಒಂದು ಪದರಕ್ಕೆ ಏನೂ ಅಲ್ಲ. ಆದರೆ ಸೆಲ್ಲಿನೊಳಗೆ ಲೋಹದ ಹಾಳೆಗಳಿಗೆ ಬಳಿದ ಹತ್ತಾರು ಲೇಪನಗಳು ಒಂದರ ಮೇಲೊಂದು ಇರುವುದರಿಂದ ಎಲ್ಲವೂ ಕೂಡಿ ಹೊರಗಿನ ದಪ್ಪದಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತಿ ಚಾರ್ಜಿನಲ್ಲೂ ಒಂದು ಮಳೆಗಾಲ, ಪ್ರತಿ ಡಿಸ್ಚಾರ್ಜಿನಲ್ಲೂ ಒಂದು ಬೇಸಿಗೆ. ಹೊಲಕ್ಕೆ ವರ್ಷಕ್ಕೊಮ್ಮೆ ಬರುವುದು ಬ್ಯಾಟರಿಗೆ ದಿನಕ್ಕೊಮ್ಮೆ ಬರುತ್ತದೆ. ಲೇಪನದ ಕಣಗಳು ಸೀಳುವುದು, ತಾಮ್ರದ ಹಾಳೆಯಿಂದ ಸಡಿಲಗೊಳ್ಳುವುದು, ಹೊಸದಾಗಿ ತೆರೆದುಕೊಂಡ ಮೈಮೇಲೆ ಮತ್ತೆ ಮತ್ತೆ ಪೊರೆ ಬೆಳೆದು ಲಿಥಿಯಂ ಖರ್ಚಾಗುವುದು, ಹೀಗೆ ಬ್ಯಾಟರಿ ಮುದಿಯಾಗುವ ಕಾರಣಗಳಲ್ಲಿ ಹಲವು ಈ ಹಿಗ್ಗು ಕುಗ್ಗಿನ ಬೆನ್ನು ಹತ್ತಿ ಬರುತ್ತವೆ. ವೋಲ್ಟ್‌ಮೀಟರ್ ಇದನ್ನು ಹೇಳುವ ಹೊತ್ತಿಗೆ ಕೆಡುವುದೆಲ್ಲ ಕೆಟ್ಟಿರುತ್ತದೆ.

ಹಿಗ್ಗಿನ ಪ್ರಮಾಣ ವಸ್ತುವಿನಿಂದ ವಸ್ತುವಿಗೆ ಎಷ್ಟು ಬೇರೆಯಾಗುತ್ತದೆ ಎಂಬುದನ್ನು ನೋಡಿದರೆ ಬೆರಗಾಗುತ್ತದೆ. ಲಿಥಿಯಂ ಟೈಟನೇಟ್ ಎಂಬ ಆನೋಡ್ ವಸ್ತು ತುಂಬಿದಾಗಲೂ ಖಾಲಿಯಾದಾಗಲೂ ಅದರ ಗಾತ್ರದಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ಒಂದರ ಕಾಲು ಭಾಗದಷ್ಟೂ ಇಲ್ಲ; ಅದು ಸಾವಿರಾರು ಸಲ ಚಾರ್ಜ್ ಆದರೂ ಬಾಳುವುದಕ್ಕೆ ಅದೊಂದು ಮುಖ್ಯ ಕಾರಣ. ಇನ್ನೊಂದು ತುದಿಯಲ್ಲಿ ಸಿಲಿಕಾನ್ ಇದೆ. ಗ್ರಾಂ ಒಂದಕ್ಕೆ ಗ್ರಾಫೈಟ್ 372 ಮಿಲಿಆಂಪಿಯರ್ ಅವರ್ ಹಿಡಿದರೆ ಸಿಲಿಕಾನ್ ಸುಮಾರು 3,600 ಹಿಡಿಯುತ್ತದೆ, ಆದರೆ ಹಾಗೆ ತುಂಬಿದಾಗ ಮೊದಲಿನ ಸುಮಾರು ನಾಲ್ಕು ಪಟ್ಟು ಗಾತ್ರಕ್ಕೆ ಉಬ್ಬುತ್ತದೆ. ಖಾಲಿಯಾಗುವಾಗ ಸಿಲಿಕಾನ್ ಪದರ ಬಿರಿಯುವ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಅದು ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆಯೇ ಕಂಡಿತು, ಹೆಂಟೆ ಹೆಂಟೆಯಾಗಿ, ಅಂಚು ಮೇಲಕ್ಕೆದ್ದು. ನಮ್ಮ ಮನೆಗಳ ಇನ್ವರ್ಟರಿನ ಸೀಸದ ಬ್ಯಾಟರಿಯೂ ಇದಕ್ಕೆ ಹೊರತಲ್ಲ. 1859ರಲ್ಲಿ ಗಾಸ್ಟನ್ ಪ್ಲಾಂಟೆ ರೂಪಿಸಿದ ಆ ಬ್ಯಾಟರಿಯಲ್ಲಿ, ಖಾಲಿಯಾಗುವಾಗ ಸೀಸ ಸಲ್ಫೇಟ್ ಆಗಿ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ, ಇನ್ನೊಂದು ಬದಿಯ ಸೀಸದ ಡೈಆಕ್ಸೈಡ್ ಹತ್ತಿರ ಹತ್ತಿರ ಎರಡು ಪಟ್ಟು. ಹುಬ್ಬಳ್ಳಿಯ ಬ್ಯಾಟರಿ ಅಂಗಡಿಯವರು ಹಳೆಯ ಬ್ಯಾಟರಿಯನ್ನು ಬಿಚ್ಚಿ "ಪ್ಲೇಟು ಉದುರೇತ್ರಿ" ಎಂದು ತಳದ ಕೆಸರನ್ನು ತೋರಿಸುತ್ತಾರಲ್ಲ, ಆ ಕೆಸರಿನ ಹಿಂದೆ ವರ್ಷಗಟ್ಟಲೆ ನಡೆದ ಈ ಉಬ್ಬರವಿಳಿತವಿದೆ.

ನಮ್ಮ ಪ್ರಯೋಗಕ್ಕೆ ಮರಳುತ್ತೇನೆ. ಮೊದಲ ರಾತ್ರಿ ಚಾರ್ಜ್ ಮುಗಿಯುವ ಹೊತ್ತಿಗೆ ಮುಳ್ಳು ಹನ್ನೊಂದು ಗೆರೆ ಮೀರಿ ಏರಿತ್ತು. ಬೆಳಗ್ಗೆ ನೋಡಿದರೆ ಇಳಿದಿತ್ತು, ಆದರೆ ಸೊನ್ನೆಗೆ ಬಂದಿರಲಿಲ್ಲ. ಎರಡೂವರೆ ಗೆರೆಯ ಹತ್ತಿರ ನಿಂತಿತ್ತು. ಒಂದೇ ಸುತ್ತಿನಲ್ಲಿ 24, 25 ಮೈಕ್ರಾನ್ ಕಾಯಂ ಉಬ್ಬು ಎಂದು ಬರೆದುಕೊಂಡೆವು. ಆ ಮಧ್ಯಾಹ್ನ ಡಯಲನ್ನು ತಿರುಗಿಸಿ ಮತ್ತೆ ಸೊನ್ನೆಗೆ ತಂದು ಎರಡನೆಯ ಸುತ್ತು ಆರಂಭಿಸಿದೆವು, ಬೆಳಗ್ಗೆ ಮತ್ತೆ ಎರಡೂವರೆ ಗೆರೆ. ಮೂರನೆಯ ದಿನವೂ ಅದೇ. ಮೂರು ಸುತ್ತಿಗೆ 70 ಮೈಕ್ರಾನ್ ದಾಟಿತು ಎಂದು ನಾನು ಹಲಗೆಯ ಮೇಲೆ ಬರೆದು, ಸೆಲ್ಲಿನೊಳಗೆ ಅನಿಲ ಹುಟ್ಟುತ್ತಿರಬಹುದು ಎಂದು ವಿವರಣೆಯನ್ನೂ ಕೊಟ್ಟೆ. ನೋಡಲು ಎಲ್ಲವೂ ಸರಿಯಾಗಿತ್ತು: ಅಂಕಿಗಳು ದಿನದಿಂದ ದಿನಕ್ಕೆ ಒಂದೇ ಆಗಿದ್ದವು, ವಿವರಣೆ ಪುಸ್ತಕಕ್ಕೆ ಹೊಂದುತ್ತಿತ್ತು.

ಸಂಶಯ ಬಂದದ್ದು ಇಬ್ಬರಲ್ಲಿ ಹೆಚ್ಚು ಮಾತಾಡದ ಹುಡುಗಿಗೆ. ಮೂರು ದಿನದಲ್ಲಿ 70 ಮೈಕ್ರಾನ್ ಉಬ್ಬಿದ್ದರೆ ಮೈಕ್ರೋಮೀಟರಿನಲ್ಲಿ ಕಾಣಬೇಕಲ್ಲವೇ ಎಂದು ಅವಳು ಸೆಲ್ಲನ್ನು ಗಾಜಿನ ಸಮೇತ ಅಳೆದಳು. ಉಬ್ಬು ಕಾಣಲಿಲ್ಲ. ಆ ಮಧ್ಯಾಹ್ನ ಅವಳು ಸೆಲ್ಲನ್ನು ತೆಗೆದಿಟ್ಟು, ಲ್ಯಾಬಿನ ಸ್ಲಿಪ್ ಗೇಜ್ ಪೆಟ್ಟಿಗೆಯಿಂದ 5 ಮಿಲಿಮೀಟರಿನ ಉಕ್ಕಿನ ತುಂಡನ್ನು ತಂದು ಅದೇ ಜಾಗದಲ್ಲಿ ಇಟ್ಟಳು. ಗಾಜು, ಗೇಜು, ಸ್ಟ್ಯಾಂಡು ಎಲ್ಲವೂ ಅವೇ. ಚಾರ್ಜರ್ ಮಾತ್ರ ಇಲ್ಲ. ಮರುದಿನ ಬೆಳಗ್ಗೆ ಆರೂಕಾಲಿಗೆ ನನಗೆ ಫೋನ್ ಬಂತು.

"ಸರ್, ಸ್ಲಿಪ್ ಗೇಜೂ ಉಬ್ಬೇತ್ರಿ. ಎರಡೂವರೆ ಗೆರಿ."

ಸ್ಲಿಪ್ ಗೇಜ್ ಎಂದರೆ ಕಾರ್ಖಾನೆಗಳಲ್ಲಿ ಬೇರೆ ಅಳತೆಗಳನ್ನೆಲ್ಲ ಪರೀಕ್ಷಿಸಲು ಇಟ್ಟುಕೊಳ್ಳುವ, ಮೈಕ್ರಾನಿನ ಭಾಗದಷ್ಟು ನಿಖರವಾಗಿ ಉಜ್ಜಿದ ಗಟ್ಟಿ ಉಕ್ಕು. ಅದು ರಾತ್ರಿಯಲ್ಲಿ ಉಬ್ಬುವ ವಸ್ತುವಲ್ಲ. ಲ್ಯಾಬಿಗೆ ಓಡಿಬಂದು ನೋಡಿದಾಗ ಗೋಡೆಯ ಥರ್ಮಾಮೀಟರ್ 27 ಡಿಗ್ರಿ ತೋರಿಸುತ್ತಿತ್ತು. ಹಿಂದಿನ ಮಧ್ಯಾಹ್ನ ಮೂರಕ್ಕೆ, ತಗಡಿನ ಚಾವಣಿಯ ಕೆಳಗೆ, ಅದು 35 ಇತ್ತು.

ತಗಡಿನ ಪೆಟ್ಟಿಗೆಯ ಮೇಲಿನಿಂದ ಗೇಜನ್ನು ಇಳಿಸಬೇಕಾಗಿದ್ದರಿಂದ ಲ್ಯಾಬಿನ ಸ್ಟ್ಯಾಂಡು ಎತ್ತರ ಸಾಲದೆ, ಹುಡುಗರು ಅಲ್ಯೂಮಿನಿಯಂ ಸೆಕ್ಷನ್‌ನಿಂದ 250 ಮಿಲಿಮೀಟರ್ ಎತ್ತರದ ಚೌಕಟ್ಟನ್ನು ಮಾಡಿದ್ದರು. ಅದರ ಮೇಲಿನ ಅಡ್ಡಪಟ್ಟಿಯಿಂದ ಒಂದು ಉಕ್ಕಿನ ಸರಳು ಇಳಿದು, ಅದರ ತುದಿಯಲ್ಲಿ ಗೇಜು ಇತ್ತು. ಸರಳು ಮತ್ತು ಗೇಜಿನ ಉದ್ದ ಸೇರಿ ಸುಮಾರು 240 ಮಿಲಿಮೀಟರ್. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ 23 ಮೈಕ್ರಾನ್ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಉಕ್ಕು ಸುಮಾರು 12. ರಾತ್ರಿ 8 ಡಿಗ್ರಿ ತಣ್ಣಗಾದಾಗ ಅಲ್ಯೂಮಿನಿಯಂ ಕಂಬ 46 ಮೈಕ್ರಾನ್ ಕುಗ್ಗಿ ಗೇಜನ್ನು ಕೆಳಕ್ಕೆ ತಂದಿತು. ಉಕ್ಕಿನ ಸರಳು 23 ಮೈಕ್ರಾನ್ ಕುಗ್ಗಿ ಅದನ್ನು ಮೇಲಕ್ಕೆತ್ತಿತು. ಉಳಿದ 23 ಮೈಕ್ರಾನಿನಷ್ಟು ಗೇಜೇ ಕೆಳಗಿಳಿದು ತುದಿಯನ್ನು ಒಳಕ್ಕೆ ತಳ್ಳಿಸಿಕೊಂಡಿತು, ಡಯಲಿನಲ್ಲಿ ಅದು ಸೆಲ್ಲಿನ ಉಬ್ಬಾಗಿ ಕಂಡಿತು. ಮರುದಿನದ ಬಿಸಿಲಿಗೆ ಎಲ್ಲವೂ ಮತ್ತೆ ಹಿಗ್ಗಿ ಮೊದಲಿನ ಸ್ಥಿತಿಗೆ ಬರುತ್ತಿತ್ತು; ಆದರೆ ಪ್ರತಿ ಮಧ್ಯಾಹ್ನ ನಾನೇ ಡಯಲನ್ನು ಸೊನ್ನೆಗೆ ತಿರುಗಿಸುತ್ತಿದ್ದುದರಿಂದ ಆ ಮರಳುವಿಕೆ ಯಾರ ಕಣ್ಣಿಗೂ ಬೀಳಲಿಲ್ಲ. ವರ್ಷಗಳಿಂದ ವ್ಯಾಕೋಚನದ ಲೆಕ್ಕ ಕಲಿಸುವ ನಾನು ಇದನ್ನು ಮೊದಲೇ ನೋಡಬೇಕಾಗಿತ್ತು. ಹಲಗೆಯ ಮೇಲಿದ್ದ 70ನ್ನು ಅಳಿಸಿ, ಅವಳ ಕೈಯಿಂದಲೇ ಈ ಲೆಕ್ಕವನ್ನು ಅಲ್ಲಿ ಬರೆಸಿದೆ.

ಪರಿಹಾರ ಹಲವಿದ್ದವು. ನಿಕ್ಕಲ್ ನೂರಕ್ಕೆ 36 ಬೆರೆತ ಇನ್ವಾರ್ ಎಂಬ ಮಿಶ್ರಲೋಹ ಉಕ್ಕಿನ ಹತ್ತನೆಯ ಒಂದು ಭಾಗದಷ್ಟೇ ಹಿಗ್ಗುತ್ತದೆ. ಅದನ್ನು ಕಂಡುಹಿಡಿದ ಷಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಬಂದಿತು. ನಮಗೆ ಅದು ಕೈಗೆಟುಕುವ ಬೆಲೆಯದಲ್ಲ. ಕಂಬವನ್ನೂ ಸರಳನ್ನೂ ಒಂದೇ ಉಕ್ಕಿನಿಂದ ಮಾಡಿದರೆ ಒಂದರ ಕುಗ್ಗನ್ನು ಇನ್ನೊಂದು ತಿನ್ನುತ್ತದೆ ಎಂದು ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಉಕ್ಕಿನ ಚೌಕಟ್ಟು ಮಾಡಿಸಿದೆವು. ಅದಕ್ಕಿಂತ ಮುಖ್ಯವಾಗಿ, ಅದೇ ಅಡ್ಡಪಟ್ಟಿಗೆ ಎರಡನೆಯ ಗೇಜನ್ನು ತೂಗಿಬಿಟ್ಟು, ಅದರ ಕೆಳಗೆ ಆ ಸ್ಲಿಪ್ ಗೇಜನ್ನು ಕಾಯಂ ಆಗಿ ಕೂರಿಸಿದೆವು. ಈಗ ಒಂದು ಗೇಜು ಸೆಲ್ಲಿನ ಮೇಲೆ, ಇನ್ನೊಂದು ಎಂದೂ ಉಬ್ಬದ ಉಕ್ಕಿನ ಮೇಲೆ. ಎರಡರ ವ್ಯತ್ಯಾಸವನ್ನಷ್ಟೇ ನಂಬುವುದು. ಇಡೀ ಜೋಡಣೆಗೆ ಥರ್ಮಾಕೋಲಿನ ಹೊದಿಕೆ ಹಾಕಿದೆವು, ಮತ್ತು ಒಂದು ಮೈಕ್ರಾನ್ ಗೆರೆಯ ಎರಡು ಗೇಜುಗಳನ್ನು ಹೊಂದಿಸಿಕೊಂಡೆವು.

ಆಮೇಲೆ ಬಂದ ನಕ್ಷೆಯನ್ನು ನಾನು ಇಂದಿಗೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಚಾರ್ಜ್ ಶುರುವಾದ ಕೂಡಲೇ ದಪ್ಪ ಏರುತ್ತದೆ. ಕಾಲು ಭಾಗ ತುಂಬುವ ಸುಮಾರಿಗೆ ಏರಿಕೆ ನಿಧಾನವಾಗಿ, ಅರ್ಧ ತುಂಬುವವರೆಗೂ ಗೆರೆ ಬಹುತೇಕ ಮಟ್ಟಸವಾಗಿ ಸಾಗುತ್ತದೆ. ಅರ್ಧ ದಾಟಿದ ಮೇಲೆ ಮತ್ತೆ ಏರಿ, ತುಂಬಿದಾಗ ಸುಮಾರು 95 ಮೈಕ್ರಾನಿಗೆ ಮುಟ್ಟುತ್ತದೆ. ಆ ನಡುವಿನ ಮಟ್ಟಸ ಭಾಗ ಗೇಜಿನ ದೋಷವಲ್ಲ. ಲಿಥಿಯಂ ಗ್ರಾಫೈಟಿನ ಎಲ್ಲ ಪದರಗಳಿಗೂ ಒಮ್ಮೆಲೇ ಹರಡುವುದಿಲ್ಲ, ಹಂತಹಂತವಾಗಿ ತುಂಬುತ್ತದೆ. ಎರಡು ಪದರಕ್ಕೊಂದರಂತೆ ಲಿಥಿಯಂ ಕೂರುವ ಹಂತದಲ್ಲಿ, ಈಗಾಗಲೇ ತೆರೆದುಕೊಂಡ ಪದರಗಳಲ್ಲೇ ಅದು ಹೆಚ್ಚು ಒತ್ತಾಗಿ ಸೇರುವುದರಿಂದ ಅಂತರ ಅಷ್ಟಾಗಿ ಹೆಚ್ಚುವುದಿಲ್ಲ. ಉಳಿದ ಪದರಗಳು ತುಂಬಲು ತೊಡಗಿದಾಗ ಮತ್ತೆ ಹಿಗ್ಗು. ಎಕ್ಸ್‌ರೇ ಯಂತ್ರದಿಂದ ತಿಳಿಯಬೇಕಾದ ಪರಮಾಣುಗಳ ಈ ನಡಿಗೆ, ಲೇತ್ ಯಂತ್ರದ ಪಕ್ಕದಲ್ಲಿ ನೇತಾಡುವ ಡಯಲ್ ಗೇಜಿನಲ್ಲಿ ಕಾಣಿಸಿತಲ್ಲ ಎಂಬ ಸಂತೋಷಕ್ಕೆ ನಾವು ಮೂವರೂ ಅಂದು ಲೈನ್ ಬಜಾರಿನವರೆಗೆ ನಡೆದುಹೋಗಿ ಪೇಡೆ ತಂದು ಇಡೀ ವಿಭಾಗಕ್ಕೆ ಹಂಚಿದೆವು.

ನಮ್ಮ ಅಳತೆಯ ಮಿತಿಯನ್ನೂ ಹೇಳಬೇಕು. ಇಡೀ ಸೆಲ್ಲಿನ ದಪ್ಪದಲ್ಲಿ ಆನೋಡ್, ಧನ ಧ್ರುವವಾದ ಕ್ಯಾಥೋಡ್, ಎರಡನ್ನೂ ಬೇರ್ಪಡಿಸುವ ನಡುವಿನ ಸೆಪರೇಟರ್ ಎಲ್ಲದರ ಪಾಲೂ ಬೆರೆತಿರುತ್ತದೆ. ಒಂದೇ ಎಲೆಕ್ಟ್ರೋಡನ್ನು, ಅಂದರೆ ಆನೋಡ್ ಅಥವಾ ಕ್ಯಾಥೋಡನ್ನು, ಪ್ರತ್ಯೇಕವಾಗಿ ಅಳೆಯಲು ಡೈಲಾಟೋಮೀಟರ್ ಎಂಬ ಉಪಕರಣವನ್ನು ಬಳಸುತ್ತಾರೆ. ಅದರಲ್ಲಿ ಎರಡು ಎಲೆಕ್ಟ್ರೋಡುಗಳ ನಡುವೆ ರಂಧ್ರಗಳುಳ್ಳ ಗಟ್ಟಿ ಗಾಜಿನ ಬಿಲ್ಲೆಯನ್ನು ಅಲುಗದಂತೆ ಕೂರಿಸಿರುತ್ತಾರೆ. ಆ ಬಿಲ್ಲೆಯ ಮೂಲಕ ಲಿಥಿಯಂ ಅಯಾನುಗಳು ಹಾಯುತ್ತವೆ, ಆದರೆ ಕೆಳಗಿನ ಎಲೆಕ್ಟ್ರೋಡಿನ ಉಬ್ಬು ಮೇಲಕ್ಕೆ ದಾಟುವುದಿಲ್ಲ. ಮೇಲಿನದರ ಚಲನೆಯನ್ನು ಮಾತ್ರ, ನ್ಯಾನೋಮೀಟರುಗಳ ಸೂಕ್ಷ್ಮತೆಯಲ್ಲಿ, ಸಂವೇದಕ ಹಿಡಿಯುತ್ತದೆ.

ಉಬ್ಬಲು ಜಾಗವಿಲ್ಲದಾಗ ಅದೇ ಉಬ್ಬು ಒತ್ತಡವಾಗುತ್ತದೆ, ಅದನ್ನು ಅಳೆಯುವ ಉಪಾಯ ಇನ್ನೂ ಸೊಗಸಾದದ್ದು. 1909ರಲ್ಲಿ ಸ್ಟೋನಿ ಎಂಬ ವಿಜ್ಞಾನಿ, ತೆಳುವಾದ ಉಕ್ಕಿನ ಪಟ್ಟಿಯ ಒಂದು ಬದಿಗೆ ನಿಕ್ಕಲ್ ಲೇಪಿಸಿದಾಗ ಪಟ್ಟಿ ಬಾಗುವುದನ್ನು ಕಂಡು, ಬಾಗಿದ ಪ್ರಮಾಣದಿಂದ ಲೇಪನದೊಳಗಿನ ಬಿಗಿತವನ್ನು ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟರು. ಲೇಪನದ ಸ್ಥಿತಿಸ್ಥಾಪಕ ಗುಣ ಗೊತ್ತಿಲ್ಲದಿದ್ದರೂ ಆ ಸೂತ್ರ ನಡೆಯುತ್ತದೆ. ಕೆಳಗಿನ ಪಟ್ಟಿಯ ಗುಣ ಮತ್ತು ಎರಡರ ದಪ್ಪ ತಿಳಿದರೆ ಸಾಕು. ಚಾರ್ಜ್ ಆಗುತ್ತಿರುವಾಗಲೇ ಗುಣ ಬದಲಾಗುವ ಎಲೆಕ್ಟ್ರೋಡುಗಳಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಸಮಾನಾಂತರವಾದ ಹಲವು ಲೇಸರ್ ಕಿರಣಗಳನ್ನು ಪಟ್ಟಿಯ ಬೆನ್ನ ಮೇಲೆ ಬೀಳಿಸಿ, ಮರಳಿ ಬಂದ ಚುಕ್ಕೆಗಳ ನಡುವಿನ ಅಂತರ ಎಷ್ಟು ಬದಲಾಯಿತೆಂದು ನೋಡಿ ಬಾಗನ್ನು ಅಳೆಯುತ್ತಾರೆ. 2010ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಹೀಗೆ ಸಿಲಿಕಾನ್ ಪದರವನ್ನು ಅಳೆದಾಗ, ಲಿಥಿಯಂ ತುಂಬುವಾಗ ಸುಮಾರು 1.75 ಗಿಗಾಪಾಸ್ಕಲ್ ಒತ್ತಡ ಕಂಡುಬಂದಿತು. ನಮ್ಮ ವರ್ಕ್‌ಶಾಪಿನ ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್) ಉಕ್ಕು 250 ಮೆಗಾಪಾಸ್ಕಲ್ ಸುಮಾರಿನಲ್ಲೇ ಸೋಲುತ್ತದೆ, ಇದು ಅದರ ಏಳು ಪಟ್ಟು. ಅಲ್ಲಿಗೆ ಸಿಲಿಕಾನ್ ಹಿಟ್ಟಿನ ಮುದ್ದೆಯಂತೆ ಕಾಯಂ ಆಗಿ ರೂಪ ಬದಲಿಸತೊಡಗುತ್ತದೆ, ಖಾಲಿಯಾಗುವಾಗ ಒತ್ತಡ ಹೋಗಿ ಎಳೆತ ಬರುತ್ತದೆ, ಆ ಎಳೆತದಲ್ಲಿ ಹೆಂಟೆ ಬಿರಿಯುತ್ತದೆ. 2012ರಲ್ಲಿ ಪ್ರಕಟವಾದ ಇನ್ನೊಂದು ಕೆಲಸದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಸಿಲಿಕಾನ್ ಕಣಗಳಿಗೆ ಲಿಥಿಯಂ ತುಂಬಿಸಿ ನೋಡಿದಾಗ, ಸುಮಾರು 150 ನ್ಯಾನೋಮೀಟರಿಗಿಂತ ಸಣ್ಣ ಕಣಗಳು ಸೀಳದೆ ಉಳಿಯುತ್ತವೆ ಎಂದು ತಿಳಿದುಬಂದಿತು. ಸಿಲಿಕಾನನ್ನು ನುಣ್ಣಗೆ ಪುಡಿ ಮಾಡಿ, ಸ್ವಲ್ಪ ಸ್ವಲ್ಪವೇ ಗ್ರಾಫೈಟಿಗೆ ಬೆರೆಸುವ ಈಗಿನ ಪದ್ಧತಿಗೆ ಇಂಥ ಅಳತೆಗಳೇ ಬುನಾದಿ.

ಗಾಜಿನ ಎಳೆಯೊಳಗೆ ಕೆತ್ತಿದ, ಒಂದು ತರಂಗಾಂತರದ ಬೆಳಕನ್ನಷ್ಟೇ ಪ್ರತಿಫಲಿಸುವ ಬ್ರಾಗ್ ಗ್ರೇಟಿಂಗುಗಳನ್ನು ಸೆಲ್ಲಿಗೆ ಅಂಟಿಸುವ ವಿಧಾನದ ಬಗ್ಗೆ ಓದುವಾಗ ನನಗೆ ನಮ್ಮ ಏಪ್ರಿಲ್ ತಿಂಗಳು ನೆನಪಾಯಿತು. ಎಳೆ ಹಿಗ್ಗಿದರೆ ಅದು ಪ್ರತಿಫಲಿಸುವ ಬೆಳಕಿನ ತರಂಗಾಂತರ ಬದಲಾಗುತ್ತದೆ: 1550 ನ್ಯಾನೋಮೀಟರಿನ ಬೆಳಕಿನಲ್ಲಿ, ಉದ್ದದ ಹತ್ತು ಲಕ್ಷದಲ್ಲಿ ಒಂದು ಭಾಗ ಹಿಗ್ಗಿದರೆ ಸುಮಾರು 1.2 ಪಿಕೋಮೀಟರ್. ಆದರೆ ಒಂದು ಡಿಗ್ರಿ ಬಿಸಿಯಾದರೂ ಸುಮಾರು 10 ಪಿಕೋಮೀಟರ್ ಬದಲಾಗುತ್ತದೆ. ಅಲ್ಲಿಯೂ ಒಂದು ಎಳೆಯನ್ನು ಹಿಗ್ಗು ತಗುಲದಂತೆ ಸಡಿಲವಾಗಿ ಇಟ್ಟು, ಅದರಿಂದ ಬಿಸಿಯನ್ನಷ್ಟೇ ಓದಿ, ಇನ್ನೊಂದರಿಂದ ಕಳೆಯುತ್ತಾರೆ. ನಮ್ಮ ಸ್ಲಿಪ್ ಗೇಜ್ ಮಾಡುತ್ತಿರುವ ಕೆಲಸವೂ ಅದೇ.

ಈಗ ನಮ್ಮ ಮನಸ್ಸಿನಲ್ಲಿರುವುದು ವಾಹನಗಳ ಬ್ಯಾಟರಿ. ಅಲ್ಲಿ ಸೆಲ್ಲುಗಳನ್ನು ಎರಡು ಗಟ್ಟಿ ಫಲಕಗಳ ನಡುವೆ ಬಿಗಿದಿರುತ್ತಾರೆ; ದಪ್ಪ ಹೆಚ್ಚಲು ಬಿಡದಿರುವುದರಿಂದ ಬಲವನ್ನು ಲೋಡ್ ಸೆಲ್ ಎಂಬ ಸಂವೇದಕದಿಂದ (ಇದು ಬ್ಯಾಟರಿಯ ಸೆಲ್ ಅಲ್ಲ) ಅಳೆಯಬೇಕು. ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬ್ಯಾಟರಿಗಳಲ್ಲಿ ಇದರ ಉಪಯೋಗ ದೊಡ್ಡದು. ಅವುಗಳ ವೋಲ್ಟೇಜು ತುಂಬುವ ದಾರಿಯ ಹೆಚ್ಚು ಭಾಗ 3.3ರ ಆಸುಪಾಸಿನಲ್ಲೇ ನಿಂತಿರುವುದರಿಂದ ಎಷ್ಟು ತುಂಬಿದೆ ಎಂದು ವೋಲ್ಟೇಜಿನಿಂದ ಹೇಳುವುದು ಕಷ್ಟ. ಬಲ ಮಾತ್ರ ಬದಲಾಗುತ್ತದೆ, ಆದರೆ ಸರಳವಾಗಿ ಅಲ್ಲ: ಚಾರ್ಜ್ ಆಗುವಾಗ ಗ್ರಾಫೈಟ್ ಹಿಗ್ಗುತ್ತಿದ್ದರೆ ಕ್ಯಾಥೋಡಿನಲ್ಲಿರುವ ಫಾಸ್ಫೇಟ್ ನೂರಕ್ಕೆ 7ರ ಹತ್ತಿರ ಕುಗ್ಗುತ್ತಿರುತ್ತದೆ, ಹಾಗಾಗಿ ಗ್ರಾಫೈಟ್ ಮಟ್ಟಸವಾಗಿರುವ ನಡುವಿನ ಹಂತದಲ್ಲಿ ಒಟ್ಟು ಬಲ ಇಳಿಯಲೂಬಹುದು. ಇನ್ನೊಂದು ಉಪಯೋಗ ಎಚ್ಚರಿಕೆಯದು. ಅತಿ ಬೇಗ, ಅಥವಾ ಚಳಿಯಲ್ಲಿ ಚಾರ್ಜ್ ಮಾಡಿದಾಗ ಲಿಥಿಯಂ ಪದರಗಳೊಳಗೆ ಹೋಗಲಾರದೆ ಗ್ರಾಫೈಟಿನ ಮೇಲೆ ಲೋಹವಾಗಿ ಕೂರುತ್ತದೆ. ಹಾಗೆ ಕೂತದ್ದು ಒಳಗೆ ಸೇರಿದ್ದಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ದಪ್ಪದ ಗೆರೆ ಎಂದಿನದಕ್ಕಿಂತ ಮೇಲೆ ಹೋಗುತ್ತದೆ. ಬೆಂಕಿಯ ಅಪಾಯಕ್ಕೆ ದಾರಿ ಮಾಡುವ ಈ ದೋಷವನ್ನು ಸೆಲ್ ಬಿಚ್ಚದೆ ಹೊರಗಿನಿಂದಲೇ ಗುರುತಿಸಬಹುದು ಎಂಬುದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಬೆಲೆಯುಳ್ಳ ಸಂಗತಿ.

ಲೋಡ್ ಸೆಲ್ ಬಂದಿದೆ, ಫಲಕಗಳನ್ನು ಮಿಲ್ಲಿಂಗ್‌ಗೆ ಕೊಟ್ಟಿದ್ದೇವೆ. ಹಳೆಯ ಪೌಚ್ ಸೆಲ್ ಮಾತ್ರ ಇನ್ನೂ ಗ್ರಾನೈಟಿನ ಮೇಲೆಯೇ ಇದೆ. ಕಳೆದ ವಾರ ಅದರ ನಲವತ್ತನೆಯ ಸುತ್ತು ಮುಗಿಯಿತು. ಬೆಳಗ್ಗೆ ಆರಕ್ಕೆ ಎರಡೂ ಗೇಜುಗಳನ್ನು ಓದಿ ಕಳೆದಾಗ, ಮೊದಲ ದಿನದಿಂದ ಈವರೆಗಿನ ಕಾಯಂ ಉಬ್ಬು 11 ಮೈಕ್ರಾನ್ ಎಂದು ಅವಳು ದಾಖಲೆ ಪುಸ್ತಕದಲ್ಲಿ ಬರೆದು, ಪಕ್ಕದ ಕಾಲಮ್ಮಿನಲ್ಲಿ ಕೋಣೆಯ ಉಷ್ಣತೆಯನ್ನೂ ಬರೆದಿದ್ದಾಳೆ.